ಎರಡು ಬೆರಳಿನ ಜಾಗ

ಊರಿನಿಂದ ವಿಡಿಯೋ ಕಾಲಿನಲ್ಲಿ ಹೆಂಡತಿ ನಳಿನಾಕ್ಷಿ ಹೊಸ ಗ್ಯಾಸ್ ಒಲೆ ತೋರಿಸಲೆಂದು ಫೋನ್ ತಿರುಗಿಸಿದಾಗ ದೇಜಪ್ಪನ ಕಣ್ಣಿಗೆ ಬಿದ್ದದ್ದು ಒಲೆಯಲ್ಲ, ಫ್ರಿಜ್ಜಿನ ಮೇಲೆ ಕೂತಿದ್ದ ಕೆಂಪು ಹೆಲ್ಮೆಟ್.

"ಅದು ಯಾರದ್ದು?"

"ಯಾವುದು?"

"ಫ್ರಿಜ್ಜಿನ ಮೇಲೆ."

"ಓ, ಅದಾ? ನನ್ನದೇ. ಸ್ಕೂಟರಿನ ಜೊತೆ ಕೊಟ್ಟದ್ದು ತಲೆನೋವು ಬರಿಸ್ತದೆ ಅಂತ ಹೇಳಿರಲಿಲ್ವಾ? ಅಖಿಲೇಶ ಬಿ.ಸಿ.ರೋಡಿನ ಅಂಗಡಿಗೆ ಬಂದು ಆರಿಸಿ ಕೊಟ್ಟ. ಬೈಕಿನ ವಿಷಯ ಅವನಿಗೆ ಎಲ್ಲ ಗೊತ್ತುಂಟು. ತಲೆಗೆ ಎಷ್ಟು ಹಾಯಾಗಿ ಕೂರ್ತದೆ ಅಂದರೆ, ಹಾಕಿದ್ದೇನೆ ಅಂತಲೇ ಮರೆತುಹೋಗ್ತದೆ."

ಅವಳು ಮತ್ತೆ ಒಲೆಯ ವಿಷಯಕ್ಕೆ ಹೋದಳು. ಮೂರನೆಯ ಬರ್ನರ್ ಸಣ್ಣದು, ಹಾಲು ಕಾಯಿಸಲಿಕ್ಕೆ ಒಳ್ಳೆಯದು ಎಂದಳು. ದೇಜಪ್ಪ ಹೂಂ ಎಂದ. ಅವನಿಗೆ ಒಂದು ಮಾತೂ ಕೇಳಿಸಿರಲಿಲ್ಲ.

ಅಖಿಲೇಶನನ್ನು ಅವನು ಒಂದೇ ಸಲ ನೋಡಿದ್ದ. ಕಲ್ಲಡ್ಕದ ಸಹಕಾರಿ ಸಂಘದಲ್ಲಿ ನಳಿನಾಕ್ಷಿ ಕ್ಯಾಷಿಯರ್, ಪಕ್ಕದ ಕೌಂಟರಿನಲ್ಲಿ ಅಖಿಲೇಶ. ಮದುವೆಯಾಗದ ಹುಡುಗ, ಭಾನುವಾರ ಬಂದರೆ ಬೈಕು ತೆಗೆದುಕೊಂಡು ಘಾಟಿ ಹತ್ತುವವನು. ಕಳೆದ ರಜೆಯಲ್ಲಿ ಏನೋ ಕಾಗದಕ್ಕೆ ಸಹಿ ಹಾಕಿಸಲು ಮನೆಗೆ ಬಂದಿದ್ದ. ಕಂಕುಳಲ್ಲಿ ಹೆಲ್ಮೆಟ್, ಹಣೆಗೆ ಅಂಟಿದ ಕೂದಲು. "ನಳಿನಕ್ಕ, ಭಾವ ಇದ್ದಾರಾ?" ಎಂದು ಅಂಗಳದಿಂದಲೇ ಕೂಗಿದ್ದ. ಆಗ ದೇಜಪ್ಪನಿಗೆ ಅವನು ಒಳ್ಳೆಯ ಹುಡುಗನಾಗಿಯೇ ಕಂಡಿದ್ದ. ಈಗಲೂ ಕೆಟ್ಟವನೆಂದು ಹೇಳುವುದಕ್ಕೆ ಅವನ ಬಳಿ ಕಾರಣವಿರಲಿಲ್ಲ. ಅದೇ ತೊಂದರೆಯಾಗಿತ್ತು.

ಸೌದಿಯ ಅಲ್ ಖೋಬರಿನಲ್ಲಿ ಏಸಿ ಜೋಡಿಸುವ ಒಂದು ಕಂಪನಿಯಲ್ಲಿ ದೇಜಪ್ಪ ಸ್ಟೋರ್‌ಕೀಪರ್. ಮಂಗಳೂರಿನಲ್ಲಿ ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಆ ಕಾಲದಿಂದಲೂ ತಾನು ಎಲ್ಲವನ್ನೂ ಇನ್ನೊಬ್ಬರಿಗಿಂತ ತಡವಾಗಿ ಕಲಿತೆ ಎಂಬ ಅಂಜಿಕೆ ಅವನನ್ನು ಬಿಟ್ಟಿರಲಿಲ್ಲ. ಅದಕ್ಕೇ ಸ್ಟೋರಿನಿಂದ ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ಎರಡು ಸಲ ನೋಡುತ್ತಿದ್ದ. ಆ ವಾರ ಮಾತ್ರ ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದರೂ ಏನೂ ತಲೆಗೆ ಹೋಗಲಿಲ್ಲ. ಹಾಯಾಗಿ ಎಂಬ ಮಾತು ಅಡ್ಡ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವನು ಕಂಬಳಿ ಕಳಿಸಿದ್ದ, ಅತ್ತರು ಕಳಿಸಿದ್ದ, ಚಪ್ಪಲಿ, ವಾಚು, ಮಿಕ್ಸಿ ಕಳಿಸಿದ್ದ. ಎಲ್ಲದಕ್ಕೂ ಅವಳು "ಒಳ್ಳೆದುಂಟು" ಎಂದಿದ್ದಳು. ಹಾಯಾಗಿ ಉಂಟು ಎಂದು ಒಂದಕ್ಕೂ ಅಂದಿರಲಿಲ್ಲ.

ತಾನು ಸಂಶಯದ ಮನುಷ್ಯನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೂ, ಅದಕ್ಕಿಂತ ಒಳ್ಳೆಯ ಹೆಲ್ಮೆಟ್ ತಾನೇ ಕಳಿಸಬೇಕು, ಅವಳು ಆ ಕೆಂಪನ್ನು ಅಟ್ಟಕ್ಕೆ ಹಾಕಬೇಕು ಎಂಬ ಆಸೆ ಹೋಗಲಿಲ್ಲ. ಊಟದ ಬಿಡುವಿನಲ್ಲಿ ಹೆಲ್ಮೆಟ್ ಆರಿಸುವ ವಿಡಿಯೋಗಳನ್ನು ನೋಡತೊಡಗಿದ. ಕೆನ್ನೆಯನ್ನು ಒತ್ತಬೇಕು, ಆದರೆ ನೋಯಿಸಬಾರದು. ಹಣೆಯ ಮೇಲೆ ಕೆಂಪು ಗೆರೆ ಮೂಡಬಾರದು. ತಲೆ ಅಲುಗಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಕೊಳ್ಳುವ ಮೊದಲು ಸ್ವಲ್ಪ ಹೊತ್ತು ಹಾಕಿಕೊಂಡೇ ಇರಬೇಕು. ಎಲ್ಲ ಅರ್ಥವಾಯಿತು. ತೊಡಕು ಒಂದೇ: ಇದನ್ನೆಲ್ಲ ಮಾಡಲು ತಲೆ ಬೇಕು. ತಲೆ ಊರಿನಲ್ಲಿ, ಮೆಲ್ಕಾರಿನಲ್ಲಿತ್ತು.

"ಅಷ್ಟಕ್ಕೆ ಎಂತಕ್ಕೆ ಚಿಂತೆ ದೇಜಣ್ಣ?" ಎಂದ ರಫೀಕ್. ಅವನು ಅದೇ ಕಂಪನಿಯ ಅಕೌಂಟ್ಸ್‌ನಲ್ಲಿದ್ದ, ವಿಟ್ಲದವನು, ಹೆಂಡತಿ ಜುವೈರಿಯಾಳೊಂದಿಗೆ ಖೋಬರಿನಲ್ಲೇ ಸಂಸಾರ. "ನನ್ನ ಅಪ್ಪನಿಗೆ ಪ್ಯಾಂಟು ತೆಗೆದುಕೊಳ್ಳುವಾಗ ನಿಮ್ಮ ಸೊಂಟ ಅಲ್ವಾ ಅಳತೆ? ನಿಮ್ಮ ಮೈದುನನ ಅಂಗಿಗೆ ನನ್ನ ಹೆಗಲು. ಹಾಗೆಯೇ ಇದು. ಜುವೈರಿಯಾ ಉಂಟಲ್ಲ."

ಗಲ್ಫಿನಲ್ಲಿದ್ದವರಿಗೆ ಇದು ಹೊಸದಲ್ಲ. ಊರಿನಲ್ಲಿರುವವರ ಮೈಗೆ ಇಲ್ಲೊಂದು ಮೈ ಹುಡುಕಿಕೊಂಡು ಅಂಗಡಿಗೆ ಹೋಗುವುದು, ಹಾಕಿಸಿ ನೋಡುವುದು, ಸರಿಯಾದರೆ ಕಟ್ಟಿಸುವುದು. ನಳಿನಾಕ್ಷಿ ಮತ್ತು ಜುವೈರಿಯಾ ಮಂಗಳೂರಿನ ಒಂದು ಮದುವೆಯಲ್ಲಿ ಅಕ್ಕಪಕ್ಕ ನಿಂತ ಫೋಟೋ ಇತ್ತು. ಒಂದೇ ಎತ್ತರ, ಒಂದೇ ಅಂದಾಜಿನ ಮೈಕಟ್ಟು, ಮುಖ ಕೂಡ ಸುಮಾರಾಗಿ ಒಂದೇ ಅಗಲ. ದೇಜಪ್ಪ ಆ ಫೋಟೋವನ್ನು ಹಿಗ್ಗಿಸಿ ನೋಡಿದ. ಅನುಮಾನಕ್ಕೆ ಜಾಗವಿರಲಿಲ್ಲ.

ಶುಕ್ರವಾರ ಸಂಜೆ ಮೂವರೂ ದಮ್ಮಾಮ್ ರಸ್ತೆಯ ಬೈಕು ಸಾಮಾನಿನ ಅಂಗಡಿಗೆ ಹೋದರು. ಗೋಡೆಯ ತುಂಬ ಹೆಲ್ಮೆಟ್‌ಗಳು ಸಾಲಾಗಿ ಮುಖ ಮಾಡಿ ಕೂತಿದ್ದವು. ಪಾಕಿಸ್ತಾನದ ಸೇಲ್ಸ್‌ಮನ್ ಮೊದಲು ದೇಜಪ್ಪನ ತಲೆಗೇ ಒಂದನ್ನು ಹಾಕಲು ಬಂದ.

"ನನಗಲ್ಲ ಭಾಯ್, ಹೆಂಡತಿಗೆ."

ಸೇಲ್ಸ್‌ಮನ್ ಜುವೈರಿಯಾಳ ಕಡೆ ನೋಡಿ ಸಲಾಂ ಹೇಳಿದ.

"ಅವರು ಇವನ ಹೆಂಡತಿ. ನನ್ನ ಹೆಂಡತಿ ಊರಿನಲ್ಲಿ."

ಸೇಲ್ಸ್‌ಮನ್ ಇನ್ನೇನೂ ಕೇಳಲಿಲ್ಲ. ಇಂಥ ಲೆಕ್ಕಾಚಾರ ಅವನಿಗೂ ಗೊತ್ತಿದ್ದಂತಿತ್ತು.

ಜುವೈರಿಯಾಳಿಗೆ ನಗುವೋ ನಗು. ಮೊದಲನೆಯದು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. "ನನ್ನ ಕಿವಿ ಹೋಯ್ತು!" ಎಂದು ಒಳಗಿನಿಂದ ಕೂಗಿದಳು. ಎರಡನೆಯದು ಹಣೆಯನ್ನು ಹಿಂಡಿತು.

"ಇವಳ ಕೈಗೆ ಗಾಡಿ ಕೊಟ್ಟರೆ ಇಡೀ ಖೋಬರ್ ಬಾಗಿಲು ಹಾಕಿ ಒಳಗೆ ಕೂರಬೇಕು," ಎಂದ ರಫೀಕ್.

"ನಿಮಗಿಂತ ಚೆನ್ನಾಗಿ ಬಿಡ್ತೇನೆ. ಪಾರ್ಕಿಂಗ್ ಮಾಡುವಾಗ ಕಂಬ ಮುಟ್ಟಿದ್ದು ಯಾರಂತೆ?"

"ಅದು ಕಂಬದ ತಪ್ಪು ಮಾರಾಯ್ತಿ."

ಮೂರನೆಯದು, ಕಪ್ಪು ಬಣ್ಣದ್ದು, ಬೆಳ್ಳಿ ಗೆರೆಯದ್ದು, ತಲೆಗೆ ಸರಿಯಾಗಿ ಇಳಿಯಿತು. ದೇಜಪ್ಪ ವಿಡಿಯೋದಲ್ಲಿ ಕಲಿತದ್ದನ್ನೆಲ್ಲ ಬಿಡದೆ ಕೇಳಿದ. ಕೆನ್ನೆ ಒತ್ತುತ್ತದಾ? ಹಣೆ? ಕಿವಿಯ ಹಿಂದೆ? ತಲೆ ಅಲುಗಿಸಿ ನೋಡಿ. ಈಗ ಮೇಲೆ ನೋಡಿ, ಕೆಳಗೆ ನೋಡಿ. ಅವಳು ಹೇಳಿದ್ದೆಲ್ಲ ಮಾಡಿದಳು. ಹೆಲ್ಮೆಟ್ ಕದಲಲಿಲ್ಲ. "ಹೀಗೇ ಸ್ವಲ್ಪ ಹೊತ್ತು ಇರಿ," ಎಂದ. ಅವಳು ಹೆಲ್ಮೆಟ್ ಹಾಕಿಕೊಂಡೇ ಅಂಗಡಿಯೊಳಗೆ ಗ್ಲೌಸು, ಜಾಕೆಟು ನೋಡುತ್ತ ಓಡಾಡಿದಳು.

"ಪಟ್ಟಿ ಹಾಕದೆ ನೋಡಿದರೆ ಎಂತ ಪ್ರಯೋಜನ?" ಎಂದು ರಫೀಕ್ ಅವಳನ್ನು ನಿಲ್ಲಿಸಿದ. ಗದ್ದದ ಕೆಳಗಿನ ಪಟ್ಟಿಯನ್ನು ಎಳೆದು ಕೊಂಡಿ ಸಿಕ್ಕಿಸಿದ. ಪಟ್ಟಿಗೂ ಅವಳ ಗದ್ದಕ್ಕೂ ನಡುವೆ ಎರಡು ಬೆರಳು ತೂರಿಸಿ ನೋಡಿದ, ಸ್ವಲ್ಪ ಸಡಿಲ ಮಾಡಿದ, ಮತ್ತೆ ತೂರಿಸಿದ. "ಎರಡು ಬೆರಳು ಹೋಗಬೇಕು ದೇಜಣ್ಣ. ಮೂರು ಹೋದರೆ ಸಡಿಲ, ಒಂದೇ ಹೋದರೆ ಉಸಿರು ಕಟ್ತದೆ." ಇದನ್ನು ಹೇಳುವಾಗ ಅವನು ಜುವೈರಿಯಾಳ ಕಡೆ ನೋಡುತ್ತಲೂ ಇರಲಿಲ್ಲ. ತನ್ನದೇ ಅಂಗಿಯ ಗುಂಡಿ ಹಾಕಿಕೊಳ್ಳುವವನ ಹಾಗೆ ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಅವಳೂ ಅವನ ಕೈ ಗದ್ದದ ಕೆಳಗಿದ್ದದ್ದನ್ನು ಗಮನಿಸದೆ, "ಆ ಗ್ಲೌಸು ಚೆಂದ ಉಂಟಲ್ಲ?" ಎನ್ನುತ್ತಿದ್ದಳು.

ದೇಜಪ್ಪ ಆ ಕೈಯನ್ನೇ ನೋಡಿದ. ರಫೀಕನ ಮೇಲೆ ಹೊಟ್ಟೆಕಿಚ್ಚು ಪಡುವುದು ಸರಿಯಲ್ಲ, ತನಗಾಗಿ ರಜೆಯ ದಿನ ಹಾಳು ಮಾಡಿಕೊಂಡು ಬಂದವನು. ಆದರೂ ಪಟ್ಟ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಬಿ.ಸಿ.ರೋಡಿನ ಅಂಗಡಿಯಲ್ಲಿ ಆ ಕೆಂಪು ಹೆಲ್ಮೆಟ್ ಹಾಕಿ ನೋಡಿದ ದಿನ, ನಳಿನಾಕ್ಷಿಯ ಗದ್ದದ ಕೆಳಗೆ ಪಟ್ಟಿ ಹಾಕಿದ್ದು ಯಾರು? ಎರಡು ಬೆರಳು ಯಾರದ್ದು?

"ಇದನ್ನೇ ಕಟ್ಟಿ," ಎಂದ ಸೇಲ್ಸ್‌ಮನ್‌ಗೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ರಜೆಗೆ ಹೊರಟಿದ್ದ ಕಂಪನಿಯ ಒಬ್ಬ ಫಿಟ್ಟರ್ ಅದನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಮನೆಗೆ ತಲುಪಿಸಿದ. ಆ ಸಂಜೆ ನಳಿನಾಕ್ಷಿ ಹೆಲ್ಮೆಟ್ ಹಾಕಿಕೊಂಡೇ ಫೋನ್ ಎತ್ತಿದಳು.

"ಹೇಗುಂಟು?"

"ಒಳ್ಳೆದುಂಟು."

"ಹಾಯಾಗಿ ಉಂಟಾ?"

ಅವಳು ಒಂದು ಗಳಿಗೆ ತಡೆದಳು. "ಹೂಂ. ಉಂಟು."

"ಆ ಕೆಂಪಿಗಿಂತ?"

"ಅದು ಸಾದಾ. ಇದು ಫಾರಿನ್ ಅಲ್ವಾ?"

ದೇಜಪ್ಪ ಅದನ್ನು ಹಾಕಿಕೊಂಡ ಅವಳ ಫೋಟೋ ತರಿಸಿಕೊಂಡು ಫೋನಿನ ಮುಖಪುಟಕ್ಕೆ ಹಾಕಿದ. ಕೆಲವು ದಿನ ಬೋಲ್ಟುಗಳು ಮತ್ತೆ ಲೆಕ್ಕಕ್ಕೆ ಸಿಗತೊಡಗಿದವು. ಆದರೆ ದಿನಕ್ಕೊಮ್ಮೆಯಾದರೂ, "ಇವತ್ತು ಹಾಕಿದೆಯಾ?" ಎಂದು ಕೇಳದೆ ಇರಲು ಅವನಿಂದ ಆಗಲಿಲ್ಲ. ಹಾಕಿದೆ ಎನ್ನುತ್ತಿದ್ದಳು. ಅವಳ ಉತ್ತರ ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ವಾಟ್ಸಾಪ್ ಸ್ಟೇಟಸ್ ಹಾಕಿದ್ದಳು. ಸಂಘದ ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದರು, ಸಿಬ್ಬಂದಿಯೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ಅಖಿಲೇಶ ಹಿಂದಿನ ಸಾಲಿನಲ್ಲಿದ್ದ, ಅದಕ್ಕೆ ದೇಜಪ್ಪ ಹೆಚ್ಚು ಬೆಲೆ ಕೊಡಲಿಲ್ಲ. ಫೋಟೋದ ಅಂಚಿನಲ್ಲಿ ಅವಳ ಸ್ಕೂಟರ್ ಕಾಣುತ್ತಿತ್ತು. ಅದರ ಕನ್ನಡಿಗೆ ಏನೋ ನೇತುಹಾಕಿತ್ತು. ಹಿಗ್ಗಿಸಿದ. ಕೆಂಪು.

ಸ್ಟೋರಿನ ಹಿಂದೆ, ತಾಮ್ರದ ಪೈಪುಗಳ ನಡುವೆ ನಿಂತು ಫೋನ್ ಮಾಡಿದ.

"ಇವತ್ತು ಯಾವ ಹೆಲ್ಮೆಟ್ ಹಾಕಿದ್ದು?"

"ಎಂತಕ್ಕೆ?"

"ಸುಮ್ಮನೆ."

"ನೀವು ಕಳಿಸಿದ್ದು."

"ಸ್ಟೇಟಸಿನಲ್ಲಿ ಕೆಂಪು ಕಾಣ್ತದಲ್ಲ?"

ಅತ್ತ ಕಡೆ ಯಾರೋ ನೋಟು ಎಣಿಸುವ ಯಂತ್ರ ಹಾಕಿದ ಸದ್ದು ಕೇಳಿ, ಆಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಅವಳು ಹೊರಗೆ ಬಂದಿದ್ದಳು.

"ನೋಡಿ, ಬೇಜಾರು ಮಾಡಬೇಡಿ. ನಿಮ್ಮದು ನನಗೆ ದೊಡ್ಡದಾಗ್ತದೆ. ಮೊದಲ ದಿನವೇ ಗೊತ್ತಾಯ್ತು. ನೀವು ಅಷ್ಟು ಆಸೆಯಿಂದ ಕಳಿಸಿದ್ದೀರಿ ಅಂತ ಒಳಗೆ ಮುಖ ಒರೆಸುವ ಬೈರಾಸು ಮಡಚಿಟ್ಟು ಹಾಕ್ತಿದ್ದೆ. ಮೊನ್ನೆ ಮೆಲ್ಕಾರಿನ ತಿರುವಿನಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ನಾನು ತಿರುಗಿ ನೋಡಿದೆ, ಹೆಲ್ಮೆಟ್ ತಿರುಗಲೇ ಇಲ್ಲ. ಕಣ್ಣಿಗೆ ಅಡ್ಡ ಬಂತು. ಜಲ್ಲಿಯ ಮೇಲೆ ಹೋಗಿ ಬಿದ್ದೆ. ದೊಡ್ಡದೇನೂ ಆಗಲಿಲ್ಲ. ಅಖಿಲೇಶ ಹಿಂದೆಯೇ ಬರ್ತಿದ್ದ, ಅವನೇ ಗಾಡಿ ಎತ್ತಿದ. ಇನ್ನೊಮ್ಮೆ ಇದನ್ನು ಹಾಕಿ ಬಂದರೆ ಭಾವನಿಗೆ ಫೋನ್ ಮಾಡ್ತೇನೆ ಅಂತ ಬೈದ."

"ಅವನು ಎಂತಕ್ಕೆ ನಿನ್ನ ಹಿಂದೆ ಬರ್ತಿದ್ದ?"

ಬಾಯಿಯಿಂದ ಹೊರಬಿದ್ದ ಮೇಲೆಯೇ ಮಾತು ಅವನ ಕಿವಿಗೆ ಬಿದ್ದದ್ದು.

"ಆಫೀಸಿಗೆ ಇರುವುದು ಒಂದೇ ರಸ್ತೆ ಅಲ್ವಾ?" ಎಂದಳು ನಳಿನಾಕ್ಷಿ. ಅವಳ ದನಿ ಏರಲಿಲ್ಲ. "ಬಿದ್ದೆ ಅಂದೆ ನಾನು. ಎಲ್ಲಿಗೆ ಪೆಟ್ಟಾಯ್ತು ಅಂತ ಕೇಳಲಿಕ್ಕೆ ನಿಮಗೆ ಪುರುಸೊತ್ತು ಆದಾಗ ಫೋನ್ ಮಾಡಿ."

ಫೋನ್ ಇಟ್ಟಳು. ಆಮೇಲೆ ಅವನು ಮಾಡಿದ ಕರೆಗಳನ್ನು ಎತ್ತಲಿಲ್ಲ. "ಮೊಣಕಾಲು ತರಚಿದೆ, ಅಷ್ಟೇ," ಎಂದು ಒಂದು ಮೆಸೇಜು ಹಾಕಿದಳು.

ಶುಕ್ರವಾರ ರಫೀಕ್ ಊಟಕ್ಕೆ ಕರೆದಿದ್ದ. ದೇಜಪ್ಪ ತಟ್ಟೆಯಲ್ಲಿ ಕೈಯಾಡಿಸುತ್ತ ಕೂತ. ಹೆಲ್ಮೆಟ್ ದೊಡ್ಡದಾಯಿತೆಂದೂ ಅವಳು ಬಿದ್ದಳೆಂದೂ ಹೇಳಿದ, ಉಳಿದದ್ದನ್ನು ಹೇಳಲಿಲ್ಲ.

"ಅದು ಹೇಗೆ ಸಾಧ್ಯ?" ಎಂದ ರಫೀಕ್. "ಇವಳ ತಲೆಗೆ ಅಚ್ಚು ಹೊಡೆದ ಹಾಗೆ ಕೂತಿತ್ತಲ್ಲ."

"ನಳಿನಕ್ಕನ ತಲೆಯೂ ಹೀಗೇ ಉಂಟು. ನಾನು ಮದುವೆಯಲ್ಲಿ ನೋಡಿದ್ದೇನೆ," ಎಂದಳು ಜುವೈರಿಯಾ. ಅನ್ನದ ಪಾತ್ರೆ ಇಡುತ್ತಿದ್ದವಳು ತಟ್ಟನೆ ನಿಂತಳು. ಕೈ ತಲೆಗೆ ಹೋಯಿತು. ಸ್ಕಾರ್ಫನ್ನು ಮುಟ್ಟಿ ನೋಡಿಕೊಂಡಳು. "ಅಯ್ಯೋ ಅಲ್ಲಾ! ದೇಜಣ್ಣ, ನನ್ನ ತಲೆಯ ಮೇಲೆ ಎಷ್ಟು ಬಟ್ಟೆ ಉಂಟು ಅಂತ ಗೊತ್ತುಂಟಾ ನಿಮಗೆ? ಒಳಗೆ ತುರುಬು, ಅದರ ಮೇಲೆ ಟೋಪಿ, ಅದರ ಮೇಲೆ ಎರಡು ಸುತ್ತು ಸ್ಕಾರ್ಫು. ಅಷ್ಟೆಲ್ಲದರ ಮೇಲೆ ಅಲ್ವಾ ನಾವು ಹೆಲ್ಮೆಟ್ ಹಾಕಿ ನೋಡಿದ್ದು!"

ದೇಜಪ್ಪನಿಗೆ ಅದು ಹೊಳೆಯುವಂತೆಯೇ ಇರಲಿಲ್ಲ, ಸ್ಕಾರ್ಫ್ ಇಲ್ಲದ ಅವಳ ತಲೆಯನ್ನು ಅವನು ನೋಡಿಯೇ ಇರಲಿಲ್ಲ. ನೋಡಿದ್ದವನು ರಫೀಕ್ ಒಬ್ಬನೇ.

"ನನಗೆ ಅವಳು ಹೇಗಿದ್ದರೂ ಅವಳೇ ಮಾರಾಯ್ರೆ," ಎಂದ ರಫೀಕ್ ತಪ್ಪಿತಸ್ಥನ ಹಾಗೆ. "ಬಟ್ಟೆ ಎಷ್ಟು, ತಲೆ ಎಷ್ಟು ಅಂತ ಬಿಡಿಸಿ ನೋಡಲಿಲ್ಲ."

ಅವನು ನಾಚಿಕೆಯಿಂದ ಹೇಳಿದ ಮಾತು ಅದು. ದೇಜಪ್ಪನಿಗೆ ಅದೂ ಚುಚ್ಚಿತು.

ಊಟ ಮುಗಿಸಿ ಅವನು ಕಂಪನಿಯ ಪಿಕಪ್ ಓಡಿಸಿಕೊಂಡು ಕಡಲ ದಂಡೆಯ ಕಾರ್ನಿಶ್‌ಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸಿದ. ಚಳಿಗಾಲದ ಬಿಸಿಲು. ಹುಲ್ಲಿನ ಮೇಲೆ ಸಂಸಾರಗಳು ಚಾಪೆ ಹಾಸಿ, ಮಾಂಸ ಸುಡುತ್ತ ಕೂತಿದ್ದವು. ಎಲ್ಲರಿಗೂ ಅವರವರ ಹೆಂಡತಿ ಕೈಗೆಟುಕುವಷ್ಟು ಹತ್ತಿರ. ಅವನು ವಿಡಿಯೋ ಕಾಲ್ ಮಾಡಿದ. ಈ ಸಲ ಎತ್ತಿದಳು.

"ಮೊಣಕಾಲು ಹೇಗುಂಟು?"

"ಈಗ ನೆನಪಾಯ್ತಾ?"

"ಹೇಗುಂಟು ಹೇಳು."

"ಚಕ್ಕೆ ಕಟ್ಟಿದೆ. ತುರಿಸ್ತದೆ."

ಅವನು ಸ್ಕಾರ್ಫಿನ ವಿಷಯ ಹೇಳಿದ. ಅವಳು ಮೊದಲು ಸುಮ್ಮನೆ ಕೇಳಿದಳು, ಟೋಪಿಯ ಮಾತು ಬಂದಾಗ ನಗು ತಡೆಯಲಾಗಲಿಲ್ಲ. "ಪಾಪ ಜುವೈರಿಯಾ! ಅಷ್ಟು ಹೊತ್ತು ನನ್ನ ತಲೆಯಾಗಿ ನಿಂತಳಾ?"

"ನೀನು ಕೆಂಪನ್ನೇ ಹಾಕು," ಎಂದ ದೇಜಪ್ಪ. "ಕಪ್ಪನ್ನು ಮುಟ್ಟಲೇಬೇಡ."

"ಆಯ್ತು."

ಅವಳು ಅಷ್ಟು ಬೇಗ ಒಪ್ಪಬಾರದಿತ್ತು ಅನ್ನಿಸಿತು. "ಒಂದು ಕೇಳ್ತೇನೆ. ಸಿಟ್ಟು ಮಾಡಬಾರದು."

"ಕೇಳಿ."

"ಅಂಗಡಿಯಲ್ಲಿ ಅದರ ಪಟ್ಟಿ ಹಾಕಿದ್ದು ಯಾರು? ಗದ್ದದ ಕೆಳಗಿನದ್ದು."

ಅವಳು ಪರದೆಯನ್ನೇ ನೋಡುತ್ತ ಕೂತಳು. "ಅಖಿಲೇಶ. ನನಗೆ ಅದು ಹೇಗೆ ಅಂತ ಗೊತ್ತಿರಲಿಲ್ಲ." ಆಮೇಲೆ ಮೆಲ್ಲಗೆ, "ಇದಾ ಇಷ್ಟು ದಿನ ನಿಮ್ಮ ಹೊಟ್ಟೆಯಲ್ಲಿ ಇದ್ದದ್ದು?"

ದೇಜಪ್ಪ ಇಷ್ಟು ದಿನ ಊಹಿಸಿಕೊಂಡದ್ದೇ ನಿಜವಾಗಿತ್ತು. ನಿಜವೆಂದು ಗೊತ್ತಾದ ಮೇಲೆ ಮುಂದೇನು ಕೇಳಬೇಕೆಂದು ಅವನು ಯೋಚಿಸಿರಲಿಲ್ಲ.

"ಬೆರಳು ಹಾಕಿ ನೋಡಿದ್ನಾ?" ಎಂದ ಕೊನೆಗೆ.

"ಎಂತ ಬೆರಳು?"

"ಪಟ್ಟಿಗೂ ಗದ್ದಕ್ಕೂ ನಡುವೆ. ಎರಡು ಬೆರಳು ಹೋಗಬೇಕು ಅಂತ ಉಂಟು."

"ಎಲ್ಲಿಯ ಬೆರಳು ಮಾರಾಯ್ರೆ! ಎಳೆದು ಬಿಗಿ ಮಾಡಿ, ಟಕ್ ಅಂತ ಸಿಕ್ಕಿಸಿ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕೈ ತೆಗೆದ. ಅವನಿಗೇ ನಾಚಿಕೆ. ಅವತ್ತಿನಿಂದ ಅದು ಹಾಗೇ ಉಂಟು. ಉಗುಳು ನುಂಗಲಿಕ್ಕೂ ಆಗುವುದಿಲ್ಲ. ಇಲ್ಲಿ ನೋಡಿ."

ಅವಳು ಮುಖ ಎತ್ತಿ ಫೋನ್ ಹತ್ತಿರ ತಂದಳು. ಗದ್ದದ ಕೆಳಗೆ, ಎಡಗಡೆಯ ಮಚ್ಚೆಯನ್ನು ದಾಟಿ ಹೋದ ಕೆಂಪು ಗೆರೆ.

"ಹಾಯಾಗಿ ಉಂಟು ಅಂದಿದ್ದೆಯಲ್ಲ?"

"ತಲೆಗೆ ಅಂದದ್ದು. ಗದ್ದಕ್ಕೆ ಅಂದೆನಾ?"

"ಅವನ ಹತ್ತಿರ ಸಡಿಲ ಮಾಡಲಿಕ್ಕೆ ಹೇಳಲಿಲ್ವಾ?"

"ಹೇಗೆ ಹೇಳುವುದು? ಪುನಃ ಅವನು ಕೈ ಹಾಕಬೇಕಲ್ಲ. ನನಗೆ ಅದು ಬೇಡ. ನಿಮ್ಮ ಹತ್ತಿರ ಕೇಳುವ ಅಂದರೆ, ಅವನ ಹೆಸರು ತೆಗೆದರೆ ಸಾಕು, ನಿಮ್ಮ ಮುಖ ಇಷ್ಟು ಉದ್ದ ಆಗ್ತದೆ."

ದೇಜಪ್ಪನಿಗೆ ಸಂತೋಷವಾಯಿತು. ಹೆಂಡತಿಯ ಗದ್ದದ ಕೆಳಗಿನ ಗಾಯ ನೋಡಿ ಸಂತೋಷವಾಯಿತಲ್ಲ ಎಂದು ಆ ಕೂಡಲೇ ಹೆದರಿಕೆಯೂ ಆಯಿತು. "ಕೆಂಪನ್ನು ತೆಗೆದುಕೊಂಡು ಬಾ," ಎಂದ.

ಅವಳು ತಂದು ಹಾಕಿಕೊಂಡಳು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದಳು.

"ಕೊಂಡಿಯ ಪಕ್ಕದಲ್ಲಿ ಪಟ್ಟಿ ಎರಡು ಪದರ ಆಗುವ ಕಡೆ ಸಣ್ಣ ಪ್ಲಾಸ್ಟಿಕ್ ಉಂಟಲ್ಲ? ಅದನ್ನು ಹಿಂದಕ್ಕೆ ದೂಡು."

"ಎಲ್ಲುಂಟು? ನನಗೆ ಕಾಣುವುದಿಲ್ಲ, ಗದ್ದದ ಕೆಳಗೆ ಅಲ್ವಾ?"

"ಕಾಣುವುದು ಬೇಡ. ಕೈಗೆ ಸಿಗ್ತದೆ."

"ಸಿಗುವುದಿಲ್ಲ."

ದೇಜಪ್ಪ ಸುತ್ತ ನೋಡಿದ. ಪಕ್ಕದ ಸೀಟಿನಲ್ಲಿ ಕಂಪನಿಯ ಹಳದಿ ಸೇಫ್ಟಿ ಹೆಲ್ಮೆಟ್ ಬಿದ್ದಿತ್ತು. ಎತ್ತಿ ತಲೆಗೆ ಹಾಕಿಕೊಂಡ, ಅದರ ಪಟ್ಟಿಯನ್ನು ಗದ್ದದ ಕೆಳಗೆ ತಂದು ಬಿಗಿದ. ನಳಿನಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗಬೇಡ. ನನ್ನ ಕೈ ನೋಡು. ಹೆಬ್ಬೆರಳು ಇಲ್ಲಿ. ಈಗ ಹೀಗೆ ಹಿಂದಕ್ಕೆ."

ಅವಳ ಬೆರಳುಗಳು ಅವನ ಬೆರಳುಗಳನ್ನು ನೋಡುತ್ತ ಹುಡುಕಿದವು. ಒಮ್ಮೆ ತಪ್ಪಿತು. "ಇನ್ನೂ ಸ್ವಲ್ಪ ಕೆಳಗೆ," ಎಂದ. ಹುಲ್ಲಿನ ಮೇಲಿದ್ದ ಒಂದು ಸಂಸಾರ, ಪಿಕಪ್ಪಿನೊಳಗೆ ಸೇಫ್ಟಿ ಹೆಲ್ಮೆಟ್ ಹಾಕಿಕೊಂಡು ತನ್ನ ಗದ್ದ ತಾನೇ ಹಿಡಿದು ಕೂತ ಮನುಷ್ಯನನ್ನು ತಿರುಗಿ ನೋಡಿತು.

"ಹಾಂ! ಜಾರಿತು!" ಎಂದಳು.

"ಈಗ ಕೊಂಡಿ ಹಾಕು. ಬೆರಳು ತೂರಿಸು. ಎಷ್ಟು ಹೋಗ್ತದೆ?"

"ಎರಡು."

"ಮೂರು?"

"ಮೂರನೆಯದು ಹೋಗುವುದಿಲ್ಲ."

"ತಲೆ ಅಲುಗಿಸು."

ಅವಳು ಅಲುಗಿಸಿದಳು. ಕೆಂಪು ಹೆಲ್ಮೆಟ್ ಅವಳ ತಲೆಯ ಜೊತೆಗೇ ಎಡಕ್ಕೆ ಬಂತು, ಬಲಕ್ಕೆ ಬಂತು. ಎಷ್ಟು ಚೆನ್ನಾಗಿ ಆರಿಸಿದ್ದಾನೆ ಎಂದು ದೇಜಪ್ಪನಿಗೆ ಅನ್ನಿಸಿ ಮತ್ತೆ ಒಳಗೆ ಉರಿಯಿತು. ಅವನ ಎರಡು ಬೆರಳು ಇನ್ನೂ ಅವನದೇ ಗದ್ದದ ಕೆಳಗಿದ್ದವು.

"ನೋವಿಲ್ಲ ಈಗ," ಎಂದಳು ನಳಿನಾಕ್ಷಿ. "ಉಗುಳು ನುಂಗಲಿಕ್ಕೆ ಆಗ್ತದೆ."

"ನಾಳೆ ಆಫೀಸಿನಲ್ಲಿ ಹೇಳು, ಪಟ್ಟಿ ಸರಿ ಮಾಡಿದ್ದು ನಾನು ಅಂತ."

"ಯಾರ ಹತ್ತಿರ?"

"ಯಾರಾದರೂ ಕೇಳಿದರೆ."

"ಪಟ್ಟಿಯ ವಿಷಯ ಯಾರು ಕೇಳ್ತಾರೆ ಮಾರಾಯ್ರೆ?"

"ಕೇಳದಿದ್ದರೂ ಹೇಳು," ಎಂದ ದೇಜಪ್ಪ.